ಪೆನ್ಸಿಲ್ ಹಿಡಿದು ಕೂತ ಸೀಸನ್

ಮೊಣಕಾಲು ಹೋಯಿತು. ಹೋಯಿತು ಅಂದರೆ ಪೂರ್ತಿ ಹೋಗಲಿಲ್ಲ, ಮೆಟ್ಟಿಲು ಹತ್ತಿ ಇಳಿಯುವಷ್ಟು ಉಳಿಯಿತು. ಒಂದು ವರ್ಷ ಓಡುವ ಮಾತೇ ಇಲ್ಲ ಅಂದುಬಿಟ್ಟರು ಡಾಕ್ಟರು. ಹನ್ನೊಂದು ವರ್ಷದಿಂದ ಒಂದೇ ಕ್ರಿಕೆಟ್ ಕ್ಲಬ್ಬಿಗೆ ಆಡಿಕೊಂಡು ಬಂದವನು ನಾನು. ದೊಡ್ಡ ಆಟಗಾರ ಏನಲ್ಲ. ಆರನೆಯವನಾಗಿ ಬಂದು ಹದಿನೈದೋ ಇಪ್ಪತ್ತೋ ಹೊಡೆದು, ಹೊಡೆಯಬಾರದ ಚೆಂಡಿಗೆ ಕೈ ಹಾಕಿ ಔಟಾಗಿ, ಮರದ ಕೆಳಗೆ ಹೋಗಿ ಕಾಲು ಚಾಚಿ ಕೂರುವವನು. ಆದರೂ ಭಾನುವಾರ ಬೆಳಿಗ್ಗೆ ಶೂ ಕಟ್ಟದೆ ಮನೆಯಲ್ಲಿ ಕೂರುವುದು ಹೇಗೆ ಅಂತಲೇ ಗೊತ್ತಿರಲಿಲ್ಲ.

ಕ್ಯಾಪ್ಟನ್ ಫೋನ್ ಮಾಡಿದ. 'ಮನೇಲಿ ಕೂತು ಏನ್ ಮಾಡ್ತೀಯ ಮಗಾ? ಬಾ, ಸ್ಕೋರ್ ಬರಿ. ಕೂತ್ಕೊಂಡೇ ಮಾಡೋ ಕೆಲಸ.'

ಸ್ಕೋರ್ ಬರೆಯುವುದು ಕೂತು ಮಾಡುವ ಕೆಲಸ ಅನ್ನುವುದೊಂದು ಮಾತ್ರ ಅವನು ಹೇಳಿದ್ದರಲ್ಲಿ ನಿಜ.

ಅಲ್ಲಿಯ ತನಕ ನಮ್ಮ ಕ್ಲಬ್ಬಿನಲ್ಲಿ ಸ್ಕೋರರ್ ಅಂತ ಒಬ್ಬನಿರಲಿಲ್ಲ. ಬ್ಯಾಟಿಂಗ್ ನಮ್ಮದಾದಾಗ ಯಾರು ಖಾಲಿ ಇರುತ್ತಾರೋ ಅವರ ತೊಡೆಯ ಮೇಲೆ ಪುಸ್ತಕ. ಅವನ ಸರದಿ ಬಂದರೆ ಪ್ಯಾಡ್ ಕಟ್ಟಿಕೊಳ್ಳುತ್ತಾ ಪಕ್ಕದವನಿಗೆ ದಾಟಿಸುವುದು. ಹಿಂದಿನ ವರ್ಷದ ಪುಸ್ತಕ ತೆಗೆದು ನೋಡಿದೆ. ಒಂದೇ ಇನ್ನಿಂಗ್ಸಿನಲ್ಲಿ ಐದು ಜನರ ಅಕ್ಷರ. ಒಂದು ಪುಟದಲ್ಲಿ ಹನ್ನೆರಡು ಜನ ಬ್ಯಾಟ್ ಮಾಡಿದ್ದಾರೆ. ಇನ್ನೊಂದರಲ್ಲಿ ನನ್ನ ಹೆಸರಿನ ಮುಂದೆ 34 ಇದೆ. ಆ ದಿನ ನಾನು ಆಡಿಯೇ ಇರಲಿಲ್ಲ.

ಮೊದಲ ಪಂದ್ಯಕ್ಕೆ ಎರಡು ವಾರ ಮುಂಚೆ ಸಾಮಾನು ಹೊರಗೆ ಬಂತು. ನಾವು ಆಡುವುದು ಮ್ಯಾಟಿನ ಮೇಲೆ. ಮಡಚಿಟ್ಟ ಮ್ಯಾಟನ್ನು ನಾಲ್ಕು ಜನ ಎಳೆದು, ಬಿಸಿಲಿಗೆ ಹಾಸಿ, ಕೋಲಿನಿಂದ ಬಡಿದರು. ಏಳು ಮೊಳೆ ಕಾಣೆ. ಮೂರು ಜೊತೆ ಪ್ಯಾಡಿನಲ್ಲಿ ಒಂದರ ಪಟ್ಟಿ ಕಿತ್ತಿತ್ತು. ನಮ್ಮ ಎಡಗೈ ಸ್ಪಿನ್ನರ್ ಹೊಸ ಬ್ಯಾಟ್ ತಂದಿದ್ದ. ಎಣ್ಣೆ ಹಚ್ಚಿ, ಮರದ ಸುತ್ತಿಗೆಯಿಂದ ದಿನಾ ಮೆಲ್ಲಗೆ ಬಡಿದು ಪಳಗಿಸಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ ಅಂತ ಎಲ್ಲರೂ ಹೇಳಿದರು. ಅವನು ಮೂರು ದಿನ ಬಡಿದ. ಮೂರನೇ ಪಂದ್ಯದಲ್ಲಿ ಸೀಳಿತು. ಹತ್ತನೆಯವನಾಗಿ ಬರುವವನಿಗೆ ಹೊಸ ಬ್ಯಾಟ್ ಯಾಕೆ ಅಂತ ಯಾರೂ ಕೇಳಲಿಲ್ಲ, ಅದು ನಮ್ಮವರ ದೊಡ್ಡತನ.

ಮನೆಯಲ್ಲಿ ಕೂತು ನಾನು ಕ್ರಿಕೆಟ್ ನಿಯಮಗಳನ್ನು ಮೊದಲ ಸಲ ಪೂರ್ತಿ ಓದಿದೆ. ಹನ್ನೊಂದು ವರ್ಷ ಆಡಿದವನು ಹೀಗೆ ಹೇಳಲು ನಾಚಿಕೆಯಾಗುತ್ತದೆ. ಆದರೆ ಕೇಳಿ ನೋಡಿ, ನಿಮ್ಮ ಕ್ಲಬ್ಬಿನಲ್ಲೂ ಯಾರೂ ಓದಿರುವುದಿಲ್ಲ. ಪಂದ್ಯಕ್ಕೆ ಇಬ್ಬರು ಸ್ಕೋರರ್ ಇರಬೇಕು. ಇಬ್ಬರೂ ಆಗಾಗ ಲೆಕ್ಕ ತಾಳೆ ನೋಡಬೇಕು. ಅಂಪೈರ್ ಸನ್ನೆ ಮಾಡಿದರೆ ಸ್ಕೋರರ್ ಕೈ ಎತ್ತಿ 'ನೋಡಿದೆ' ಅನ್ನಬೇಕು, ಅಲ್ಲಿಯ ತನಕ ಅಂಪೈರ್ ಆಟ ಮುಂದುವರಿಸುವ ಹಾಗಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ಇಡೀ ಮೈದಾನ ನನ್ನೊಬ್ಬನ ಕೈಗಾಗಿ ಕಾಯಬೇಕು, ಅಲ್ವಾ?

ಮೊದಲ ಪಂದ್ಯದಲ್ಲಿ ಆ ಖುಷಿಯೆಲ್ಲ ಇಳಿಯಿತು. ಎದುರಾಳಿ ತಂಡದ ಸ್ಕೋರರ್ ವಯಸ್ಸಾದವರು. ಮಡಚುವ ಕುರ್ಚಿ, ಎರಡು ಬಣ್ಣದ ಪೆನ್ನು, ನಾಲ್ಕು ಪೆನ್ಸಿಲ್, ರಬ್ಬರು, ಹಾಳೆ ಹಾರದಂತೆ ಒತ್ತಲು ಕ್ಲಿಪ್ಪು, ಕುತ್ತಿಗೆಗೆ ದುರ್ಬೀನು. ನನ್ನ ಹತ್ತಿರ ಒಂದು ಬಾಲ್ ಪೆನ್. ಅದನ್ನು ನೋಡಿ ಅವರು ಏನೂ ಹೇಳದೆ ಒಂದು ಪೆನ್ಸಿಲ್ ನನ್ನ ಕಡೆ ಜರುಗಿಸಿದರು.

ಎರಡು ಓವರ್ ನಾನು ಬರೆಯುವುದನ್ನು ನೋಡಿ ಆಮೇಲೆ ಕೇಳಿದರು. 'ಚೆಂಡು ಬಿದ್ದ ಮೇಲೆ ಎಷ್ಟು ಕಡೆ ಬರೀತಿದ್ದೀರಿ?'

'ಬ್ಯಾಟ್ಸ್‌ಮನ್ ಮುಂದೆ, ಬೌಲರ್ ಮುಂದೆ. ಎರಡು ಕಡೆ ಸಾರ್.'

'ಮೂರು ಕಡೆ. ಮೊದಲು ಬೌಲರ್, ಆಮೇಲೆ ಬ್ಯಾಟ್ಸ್‌ಮನ್, ಆಮೇಲೆ ಒಟ್ಟು. ಯಾವಾಗಲೂ ಇದೇ ಕ್ರಮ. ಕ್ರಮ ತಪ್ಪಿದ ದಿನ ಲೆಕ್ಕ ತಪ್ಪುತ್ತೆ.'

ಒಟ್ಟು ಅಂದರೆ ಪುಟದಲ್ಲಿ 1, 2, 3 ಅಂತ ಸಾಲಾಗಿ ಅಚ್ಚು ಮಾಡಿರುವ ಅಂಕಿಗಳು. ಎರಡು ರನ್ ಬಂದರೆ ಎರಡು ಅಂಕಿಗೆ ಗೀಟು. ಅಷ್ಟು ವರ್ಷ ನಾವು ಅದನ್ನು ಮುಟ್ಟಿಯೇ ಇರಲಿಲ್ಲ, ಕೊನೆಗೆ ಕೂಡಿಸಿ ಬರೆಯುತ್ತಿದ್ದೆವು. ಬರೆಯುವ ಗುರುತುಗಳನ್ನೂ ಅವರೇ ಕಲಿಸಿದರು. ವೈಡ್‌ಗೆ ಕೂಡಿಸುವ ಚಿಹ್ನೆ. ನೋಬಾಲ್‌ಗೆ ಸೊನ್ನೆ, ಬ್ಯಾಟಿನಿಂದ ಬಂದ ರನ್ ಅದರೊಳಗೆ. ಬೈಗೆ, ಅಂದರೆ ಬ್ಯಾಟಿಗೂ ಮೈಗೂ ತಾಗದೆ ಬಂದ ರನ್ನಿಗೆ, ಮೇಲಕ್ಕೆ ಮೊನೆಯಿರುವ ತ್ರಿಕೋನ, ಮೈಗೆ ತಾಗಿ ಬಂದ ಲೆಗ್ ಬೈಗೆ ಅದನ್ನೇ ತಲೆಕೆಳಗು. ರನ್ ಬರದ ಚೆಂಡಿಗೆ ಚುಕ್ಕಿ. ಆರೂ ಚುಕ್ಕಿಯಾದರೆ ಮೇಡನ್. ಆಗ ಎರಡು ಸಾಲಾಗಿ ಇಟ್ಟ ಮೂರು ಮೂರು ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದರೆ ಇಂಗ್ಲಿಷಿನ ಎಂ ಅಕ್ಷರ. ಮೇಡನ್ನಿನಲ್ಲಿ ವಿಕೆಟ್ಟೂ ಬಿದ್ದರೆ ಅದನ್ನೇ ಡಬ್ಲ್ಯು ಮಾಡುವುದು. ಅವರ ಪುಟ ನೋಡಿದರೆ ರಂಗೋಲಿ. ನನ್ನದು ಕೋಳಿ ಕೆದರಿದ ಹಾಗೆ.

ಒಂದು ವಿಷಯ ಆ ದಿನವೇ ಗೊತ್ತಾಯಿತು. ಹನ್ನೊಂದು ವರ್ಷದಲ್ಲಿ ನಾನು ಒಂದು ಪಂದ್ಯವನ್ನೂ ಪೂರ್ತಿ ನೋಡಿರಲಿಲ್ಲ. ಔಟಾದ ಮೇಲೆ ಹರಟೆ, ಮೊಬೈಲು, ನಿದ್ದೆ. ಫೀಲ್ಡಿಂಗ್ ಮಾಡುವಾಗ ಡೀಪ್ ಫೈನ್ ಲೆಗ್‌ನಲ್ಲಿ ನಿಂತು ಆಫೀಸಿನ ಯೋಚನೆ. ಪುಸ್ತಕ ಹಿಡಿದವನು ಒಂದು ಚೆಂಡಿಗೂ ಕಣ್ಣು ತೆಗೆಯುವ ಹಾಗಿಲ್ಲ. 40 ಓವರಿನ ಎರಡು ಇನ್ನಿಂಗ್ಸ್ ಅಂದರೆ 480 ಚೆಂಡು, ವೈಡು ನೋಬಾಲು ಬೇರೆ. ನಮ್ಮ ಬೌಲರುಗಳ ಕೃಪೆಯಿಂದ ಅದು ಯಾವತ್ತೂ 500 ದಾಟುತ್ತಿತ್ತು. ಸೀನು ಬಂದರೂ ತಡೆದುಕೊಂಡು ಕೂತಿದ್ದೇನೆ.

ಶನಿವಾರ ರಾತ್ರಿಯ ಕಥೆಯೂ ಆ ವರ್ಷವೇ ಗೊತ್ತಾಗಿದ್ದು. ಆಡುತ್ತಿದ್ದಾಗ ನನಗೆ ಒಂದು ಮೆಸೇಜ್ ಬರುತ್ತಿತ್ತು, 'ಬರ್ತೀನಿ' ಅಂತ ಕಳಿಸಿ ಮಲಗುತ್ತಿದ್ದೆ. ಈಗ ಕ್ಯಾಪ್ಟನ್ ಜೊತೆ ನಾನೂ ಫೋನ್ ಹಿಡಿದು ಕೂರಬೇಕಾಯಿತು. ಕ್ಲಬ್ಬಿನ ಪಟ್ಟಿಯಲ್ಲಿ 22 ಹೆಸರು. ಬೇಕಾಗಿರುವುದು ಹನ್ನೊಂದು. ಶುಕ್ರವಾರ ಹದಿನಾಲ್ಕು ಜನ ಹೂಂ ಅಂದಿರುತ್ತಾರೆ. ಶನಿವಾರ ಸಂಜೆ ಹನ್ನೆರಡು. ರಾತ್ರಿ ಹತ್ತಕ್ಕೆ ಒಂಬತ್ತು. ಒಬ್ಬನ ಮಗುವಿಗೆ ಜ್ವರ, ಅದು ನಿಜ. ಒಬ್ಬನಿಗೆ ಬೆನ್ನು ಹಿಡಿದಿದೆ, ಅದು ಅರ್ಧ ನಿಜ. ನಮ್ಮ ಓಪನರ್ ಆ ಸೀಸನ್ನಿನಲ್ಲಿ ಮೂರು ಸಲ ಹೇಳಿದ್ದು ಒಂದೇ ನೆಪ, ಊರಿಂದ ನೆಂಟರು ಬಂದಿದ್ದಾರೆ ಅಂತ. ಮೂರನೇ ಸಲ ಕ್ಯಾಪ್ಟನ್ ಕೇಳಿದ. 'ಅವರಲ್ಲಿ ಯಾರಿಗಾದ್ರೂ ಫೀಲ್ಡಿಂಗ್ ಬರುತ್ತಾ ಗುರು?' ಬಂದರು ಕೂಡ. ಒಬ್ಬ ಭಾವಮೈದುನ, ಆಫೀಸಿನ ಶೂ ಹಾಕಿಕೊಂಡು. ಎರಡು ಬೌಂಡರಿ ತಡೆದ.

ನಾಲ್ಕನೇ ಪಂದ್ಯದಲ್ಲಿ ನಾನು ಪುಸ್ತಕದ ಅಂಚಿನಲ್ಲಿ ಬೇರೆ ಏನೋ ಬರೆಯಲು ಶುರು ಮಾಡಿದೆ. ಸ್ಕೋರ್ ಪುಸ್ತಕದಲ್ಲಿ ಹಿಡಿದ ಕ್ಯಾಚಿಗೆ ಜಾಗ ಇದೆ, ಬಿಟ್ಟ ಕ್ಯಾಚಿಗೆ ಇಲ್ಲ. ಎರಡು ರನ್ನಿನಲ್ಲಿ ಜೀವ ಸಿಕ್ಕವನು 80 ಹೊಡೆದರೆ ಪುಸ್ತಕ 80 ಅಂತ ಮಾತ್ರ ಹೇಳುತ್ತದೆ. ಬೌಲರಿಗೆ ವಿಕೆಟ್ಟಿಲ್ಲ, ಬಿಟ್ಟವನ ಹೆಸರಿಲ್ಲ. ಇದು ಅನ್ಯಾಯ ಅನ್ನಿಸಿತು. ಸುಮ್ನೆ ಒಂದು ಸಣ್ಣ 'ಬಿ' ಅಕ್ಷರ, ಪಕ್ಕದಲ್ಲಿ ಬಿಟ್ಟವನ ಹೆಸರಿನ ಮೊದಲಕ್ಷರ. ಪೆನ್ಸಿಲಿನಲ್ಲಿ. ಯಾರಿಗೂ ಹೇಳಲಿಲ್ಲ.

ಏಳನೇ ಪಂದ್ಯ ಮುಗಿಯುವ ಹೊತ್ತಿಗೆ 23 'ಬಿ' ಆಗಿತ್ತು. ಅದರಲ್ಲಿ ಒಂಬತ್ತು ಕ್ಯಾಪ್ಟನ್‌ದು. ವಿಕೆಟ್ ಕೀಪರ್ ಪಕ್ಕದ ಫಸ್ಟ್ ಸ್ಲಿಪ್ಪಿನಲ್ಲಿ ವರ್ಷಗಳಿಂದ ಅವನೇ ನಿಲ್ಲುವುದು, ಅದು ಅವನ ಸ್ವಂತ ಆಸ್ತಿ ಇದ್ದ ಹಾಗೆ.

ಪುಸ್ತಕ ಯಾರೋ ತೆಗೆದು ನೋಡಿದರು. ವಿಕೆಟ್ ಕೀಪರ್ ಇರಬೇಕು, ಅವನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. 'ಈ ಬಿ ಅಂದ್ರೆ ಏನಣ್ಣಾ?' ಅಂದ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬರುತ್ತದೆ ಆದರೆ ತಕ್ಷಣ ಹೊಳೆಯುವುದಿಲ್ಲ. ಹತ್ತು ನಿಮಿಷದಲ್ಲಿ ಇಡೀ ತಂಡ ಎಣಿಸುತ್ತಿತ್ತು. ಕೆಲವರು ನಕ್ಕರು. ಕ್ಯಾಪ್ಟನ್ ಪುಸ್ತಕ ಮುಚ್ಚಿ ನನ್ನ ಮಡಿಲಿಗೆ ಇಟ್ಟ.

'ಇದು ಕ್ಲಬ್ಬಿನ ಪುಸ್ತಕ. ನಿನ್ನ ಡೈರಿ ಅಲ್ಲ.'

ಒಂದು ವಾರ ನಾವಿಬ್ಬರೂ ಮಾತಾಡಲಿಲ್ಲ. ಶನಿವಾರ ಅವನ ಪಾಲಿನ ಫೋನ್ ಅವನು ಮಾಡಿದ, ನನ್ನ ಪಾಲಿನದು ನಾನು. ಭಾನುವಾರ ಟಾಸ್ ಆದ ಮೇಲೆ ನೋಡುತ್ತೇನೆ, ಅವನು ಮಿಡ್ ಆಫ್‌ನಲ್ಲಿ ನಿಂತಿದ್ದಾನೆ. ಸ್ಲಿಪ್ಪಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗ. ಸಿನಿಮಾದಲ್ಲಾದರೆ ಆ ಹುಡುಗ ಹಾರಿ ಒಂದು ಕೈಯಲ್ಲಿ ಹಿಡಿಯಬೇಕು. ಅವನು ಎರಡು ಬಿಟ್ಟ. ಎರಡನೆಯದು ಬಿಟ್ಟಾಗ ಕ್ಯಾಪ್ಟನ್ ಮಿಡ್ ಆಫ್‌ನಿಂದ ತಿರುಗಿ ನನ್ನನ್ನೇ ನೋಡಿದ. ನಾನು ತಲೆ ಬಗ್ಗಿಸಿ ಬರೆದೆ.

ಮಳೆಗೆ ಹೋದ ಪಂದ್ಯದ ಬಗ್ಗೆ ಹೇಳುವುದು ಏನೂ ಇಲ್ಲ. ಒಂದು ವಿಕೆಟ್ಟಿಗೆ 61 ಮಾಡಿ ನಾವು ಮೀಸೆ ತಿರುವುತ್ತಿದ್ದಾಗ ಸುರಿಯಿತು. ಎಲ್ಲರೂ ಮ್ಯಾಟಿನ ಕಡೆ ಓಡಿದರು, ನಾನು ಪುಸ್ತಕವನ್ನು ಶರ್ಟಿನೊಳಗೆ ಹಾಕಿಕೊಂಡೆ. ಆ ಪುಟದಲ್ಲಿ ಇವತ್ತಿಗೂ ಒಂದು ಬೌಲರಿನ ಸಾಲು ಕರಗಿ ಹರಡಿದೆ.

ಇನ್ನೊಂದು ಪಂದ್ಯ ನೆನೆದರೆ ನಗು ಬರುತ್ತದೆ. ನಮ್ಮ ಕೊನೆಯ ಜೋಡಿ ಬರುವ ಮೊದಲಿನ ಮಾತು. ಎಂಟು ವಿಕೆಟ್ ಬಿದ್ದಿದೆ, ಹನ್ನೆರಡು ರನ್ ಬೇಕು, ಎರಡು ಓವರ್ ಇದೆ. ಹತ್ತನೆಯವನು ಮೇಲಕ್ಕೆ ಹೊಡೆದ. ಚೆಂಡು ಗಾಳಿಯಲ್ಲಿದ್ದಾಗಲೇ ಇಬ್ಬರೂ ಓಡಿ ಒಬ್ಬರನ್ನೊಬ್ಬರು ದಾಟಿದರು, ಕ್ಯಾಚಾಯಿತು. ನಮ್ಮ ಸೆಟ್ ಆದ ಬ್ಯಾಟ್ಸ್‌ಮನ್ ಸ್ಟ್ರೈಕಿಗೆ ನಿಂತುಕೊಂಡ, ಯಾಕೆಂದರೆ ನಾವೆಲ್ಲ ಚಿಕ್ಕಂದಿನಿಂದ ಆಡಿದ್ದು ಹಾಗೆ, ದಾಟಿದರೆ ಹೊಸಬ ಆಚೆ ತುದಿಗೆ. ಆದರೆ 2022ರ ಅಕ್ಟೋಬರಿನಿಂದ ಆ ನಿಯಮ ಬದಲಾಗಿದೆ. ಕ್ಯಾಚ್ ಔಟಾದರೆ ದಾಟಿದ್ದರೂ ಹೊಸ ಬ್ಯಾಟ್ಸ್‌ಮನ್ನೇ ಮುಂದಿನ ಚೆಂಡು ಎದುರಿಸಬೇಕು, ಓವರ್ ಮುಗಿದಿದ್ದರೆ ಮಾತ್ರ ಬೇರೆ. ಎದುರಾಳಿ ಕ್ಯಾಪ್ಟನ್‌ಗೆ ಗೊತ್ತಿತ್ತು. ಅಂಪೈರ್‌ಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಮನೆಯಲ್ಲಿ ಕೂತು ಓದಿದ್ದೆನಲ್ಲ. ನಮ್ಮ ತಂಡದವರು ಮಾತ್ರ ಬೌಂಡರಿ ಗೆರೆಯಲ್ಲಿ ನಿಂತು 'ಕ್ರಾಸ್ ಆಗಿದೆ, ಕ್ರಾಸ್ ಆಗಿದೆ' ಅಂತ ಕೂಗುತ್ತಿದ್ದರು. ಹನ್ನೊಂದನೆಯವನು ಹೋಗಿ ಗಾರ್ಡ್ ತೆಗೆದುಕೊಂಡ. ಮೊದಲ ಚೆಂಡಿಗೇ ಮಧ್ಯದ ಸ್ಟಂಪ್ ಹಾರಿತು. ವಾಪಸ್ ಬಂದು ನನ್ನ ಮುಂದೆ ನಿಂತ.

'ಕ್ರಾಸ್ ಆಗಿತ್ತಲ್ಲಣ್ಣಾ!'

'ಆಗಿತ್ತು' ಅಂದೆ. ಸೊನ್ನೆ ಸುತ್ತಿದೆ.

ಇನ್ನು ಆ ಪಂದ್ಯ. ಬರೆಯದೆ ಮುಗಿಸೋಣ ಅಂದುಕೊಂಡಿದ್ದೆ.

ಹತ್ತನೇ ಪಂದ್ಯ, ಮತ್ತೆ ಆ ಹಿರಿಯ ಸ್ಕೋರರ್ ತಂಡದ ಜೊತೆ. ಅವರು 188 ಹೊಡೆದರು. ನಮಗೆ ಗೆಲ್ಲಲು 189. ಚೆನ್ನಾಗಿಯೇ ಆಡುತ್ತಾ ಬಂದೆವು. 37ನೇ ಓವರಿನಿಂದ ನಾನು ಕೂತಿರಲಿಲ್ಲ, ಎದ್ದು ನಿಂತು ಬರೆಯುತ್ತಿದ್ದೆ. ಓವರ್ ಮುಗಿದಾಗ ಪಕ್ಕದವರ ಜೊತೆ ತಾಳೆ ನೋಡುವುದನ್ನೂ ಬಿಟ್ಟೆ. ಅವರು ಒಂದು ಸಲ 'ಒಟ್ಟು ಎಷ್ಟು ನಿಮ್ಮದು?' ಅಂದರು. ನಾನು ಕೈ ಅಡ್ಡ ಮಾಡಿದೆ, ಆಮೇಲೆ ಅನ್ನುವ ಹಾಗೆ. ಅಷ್ಟರಲ್ಲಿ ನಮ್ಮವನು ಬೌಂಡರಿ ಹೊಡೆದ, ನಾನು ಕೂಗಿದೆ. ಸ್ಕೋರರ್ ಕೂಗಬಾರದು.

ಕೊನೆಯ ಚೆಂಡು. ನನ್ನ ಪುಸ್ತಕದಲ್ಲಿ 186. ಬೋರ್ಡಿಗೆ ಅಂಕಿ ತೂಗು ಹಾಕುವ ಹುಡುಗ ನನ್ನನ್ನು ಕೇಳಿಯೇ ಹಾಕುವುದು, ಹಾಗಾಗಿ ಬೋರ್ಡಿನಲ್ಲೂ 186. ಮೂರು ಬೇಕು. ನಮ್ಮ ಕೀಪರ್ ಸ್ಟ್ರೈಕಿನಲ್ಲಿ. ಬೋರ್ಡ್ ನೋಡಿದ, ಕಾಲು ಮುಂದಿಟ್ಟು ಬೀಸಿದ. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಲಾಂಗ್ ಆನ್ ಬದಲು ಎಲ್ಲೋ ಮೇಲಕ್ಕೆ ಹೋಯಿತು, ಬಿತ್ತು, ಒಂದು ರನ್ ಓಡಿದರು. 187. ಒಂದು ರನ್ನಿನಿಂದ ಸೋಲು. ಆ ಕಡೆಯವರು ಕುಣಿಯಲು ಶುರು ಮಾಡಿದರು.

ನನ್ನ ಪಕ್ಕದಲ್ಲಿದ್ದವರು ಕುಣಿಯಲಿಲ್ಲ. ಪೆನ್ಸಿಲ್ ತುದಿಯಿಂದ ತಮ್ಮ ಪುಟ ತಟ್ಟಿದರು. 'ನನ್ನ ಹತ್ತಿರ 188 ಇದೆ.'

ಸುಮ್ಮನಿದ್ದಿದ್ದರೆ ಅವರ ತಂಡ ಗೆದ್ದಿರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರೇ ಅಂಪೈರ್‌ಗಳನ್ನು ಕರೆದರು. ಸ್ಕೋರ್ ಸರಿ ಇದೆಯೋ ಇಲ್ಲವೋ ನೋಡುವ ಜವಾಬ್ದಾರಿ ಕೊನೆಗೆ ಅಂಪೈರ್‌ಗಳದ್ದು. ನಾಲ್ವರೂ ಕೂತೆವು. ನನ್ನ ಬ್ಯಾಟ್ಸ್‌ಮನ್‌ಗಳ ರನ್, ಜೊತೆಗೆ ಇತರೆ ರನ್ ಕೂಡಿಸಿದರೆ 188. ಬೌಲರುಗಳ ಲೆಕ್ಕಕ್ಕೆ ಬೈ, ಲೆಗ್ ಬೈ ಸೇರಿಸಿದರೆ 188. ಗೀಟು ಹಾಕಿದ ಒಟ್ಟು ಮಾತ್ರ 187. ಹುಡುಕಿದೆವು. 37ನೇ ಓವರಿನ ನಾಲ್ಕನೇ ಚೆಂಡು. ನೋಬಾಲ್, ಬ್ಯಾಟಿನಿಂದ ಒಂದು ರನ್. ಸೊನ್ನೆಯೊಳಗೆ ಒಂದು ಅಂತ ನೆಟ್ಟಗೆ ಬರೆದಿದ್ದೇನೆ. ನೋಬಾಲಿಗೆ ಒಂದು, ಓಡಿದ್ದಕ್ಕೆ ಒಂದು, ಎರಡು ಅಂಕಿಗೆ ಗೀಟು ಹಾಕಬೇಕಿತ್ತು. ಒಂದಕ್ಕೇ ಹಾಕಿದ್ದೆ.

ಪಂದ್ಯ ಟೈ ಆಯಿತು. ನಮ್ಮವರು ಈಗ ಕುಣಿದರು, ಸೋತ ಪಂದ್ಯ ಅರ್ಧ ಸಿಕ್ಕಿತಲ್ಲ. ಗ್ಲೌಸ್ ಬಿಚ್ಚುತ್ತಿದ್ದ ಕೀಪರ್ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. 'ಎರಡೇ ಬೇಕು ಅಂತ ಗೊತ್ತಿದ್ದಿದ್ರೆ ಕವರ್ಸ್ ಕಡೆ ತಳ್ಳಿ ಓಡಿರ್ತಿದ್ದೆ.' ಬೈದಿದ್ದರೆ ಚೆನ್ನಾಗಿರುತ್ತಿತ್ತು. ಲೆಕ್ಕ ಹೇಳುವ ದನಿಯಲ್ಲಿ ಹೇಳಿದ.

ಮನೆಗೆ ಬಂದು ಸಮಾಧಾನಕ್ಕೆ ದಾರಿ ಹುಡುಕಿದೆ. 1992ರ ವಿಶ್ವಕಪ್ ಸೆಮಿಫೈನಲ್ ನೆನಪಾಯಿತು. ಸಿಡ್ನಿಯಲ್ಲಿ ಇಂಗ್ಲೆಂಡ್ ಎದುರು ದಕ್ಷಿಣ ಆಫ್ರಿಕಾಕ್ಕೆ 13 ಚೆಂಡಿನಲ್ಲಿ 22 ಬೇಕಿತ್ತು, ಮಳೆ ಬಂದು ಹೋದ ಮೇಲೆ ಉಳಿದಿದ್ದು ಒಂದೇ ಚೆಂಡು. ಬೋರ್ಡಿನಲ್ಲಿ 22 ಅಂತಲೇ ತೋರಿಸಿದರು. ನಿಜಕ್ಕೂ ಬೇಕಿದ್ದದ್ದು 21. ಅಂಥ ಕಡೆಯೇ ಬೋರ್ಡ್ ಒಂದು ರನ್ ತಪ್ಪಿತ್ತು, ನಾನ್ಯಾವ ಲೆಕ್ಕ ಅಂದುಕೊಂಡೆ. ಆದರೆ ಒಂದು ಚೆಂಡಿಗೆ 21 ಆದರೇನು, 22 ಆದರೇನು. ನಮಗೆ ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಇತ್ತು.

ಕ್ಯಾಪ್ಟನ್ ಆ ರಾತ್ರಿ ಫೋನ್ ಮಾಡಿದ. ಪುಸ್ತಕ ಬೇರೆಯವರಿಗೆ ಕೊಡ್ತೀನಿ ಅನ್ನುತ್ತಾನೆ ಅಂದುಕೊಂಡೇ ಎತ್ತಿದೆ.

'ಅಂಚಲ್ಲಿ ಬರೆದ್ಯಾ?'

'ಏನನ್ನ?'

'ನಿಂದೂ ಒಂದು ಬಿ ಅಲ್ವಾ ಅದು?'

ಪುಸ್ತಕ ತೆಗೆದು 37ನೇ ಓವರಿನ ಪಕ್ಕ ಬರೆದೆ. ಬರೆದೆ ಅಂತ ಹೇಳಿದೆ. ಸರಿ ಅಂತ ಇಟ್ಟ. ಮುಂದಿನ ಭಾನುವಾರ ಅವನು ಸ್ಲಿಪ್ಪಿಗೆ ವಾಪಸ್ ಬಂದಿದ್ದ.

ಹನ್ನೆರಡು ಪಂದ್ಯದಲ್ಲಿ ಐದು ಗೆದ್ದೆವು, ಐದು ಸೋತೆವು, ಒಂದು ಟೈ, ಒಂದು ಮಳೆ. ಪಟ್ಟಿಯ ನಡುಮಧ್ಯ. ವರ್ಷದ ಸಭೆಯಲ್ಲಿ ನಾನು ಲೆಕ್ಕ ಓದಿದೆ. ಜಾಸ್ತಿ ರನ್, ಜಾಸ್ತಿ ವಿಕೆಟ್, ಜಾಸ್ತಿ ಕ್ಯಾಚ್. 'ಬಿ ಲೆಕ್ಕಾನೂ ಓದಣ್ಣಾ' ಅಂತ ಹಿಂದಿನಿಂದ ಕೂಗಿದರು. ಓದಿದೆ. ಒಟ್ಟು 38, ಜೊತೆಗೆ ಸ್ಕೋರರ್‌ದು ಒಂದು. ಜೋರಾಗಿ ಚಪ್ಪಾಳೆ ಬಿದ್ದಿದ್ದು ಅದಕ್ಕೇ.

ಈ ವರ್ಷ ಡಾಕ್ಟರು ಆಡಬಹುದು ಅಂದರು, ನೋಡಿಕೊಂಡು. ಮೊದಲ ಪಂದ್ಯದ ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು.

'ಹನ್ನೊಂದು ಆಯ್ತಾ?' ಅಂತ ನಾನೇ ಕೇಳಿದೆ.

'ನೀನು ಬಂದ್ರೆ ಹತ್ತು.'

'ಸ್ಕೋರ್ ಯಾರು ಬರೀತಾರೆ?'

ಆ ಕಡೆಯಿಂದ ಉತ್ತರ ಬರಲಿಲ್ಲ. ಶೂ ಜೊತೆ ಪೆನ್ಸಿಲ್ ಡಬ್ಬಿಯನ್ನೂ ಕಿಟ್ ಬ್ಯಾಗಿಗೆ ಹಾಕಿಕೊಂಡೆ. ಹೇಗೂ ಆರನೆಯವನು, ನಾಲ್ಕು ವಿಕೆಟ್ ಬೀಳುವ ತನಕ ಬರೆಯಬಹುದು. ನಮ್ಮ ಬ್ಯಾಟಿಂಗ್ ನೋಡಿದರೆ ಅದೂ ಜಾಸ್ತಿ ಹೊತ್ತಲ್ಲ.